ಪಾಯಿಂಟೋ, ಪೆಟ್ಟಿಗೆಯೋ: ಹಳೆಯ ಕಾರಿನ ಕಿಡಿಗೆ ಬಿಡಿಭಾಗ ಎಲ್ಲಿಂದ?

ಹಳೆಯ ಪೆಟ್ರೋಲ್ ಕಾರಿನ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್, ಕಂಡೆನ್ಸರ್ ಹಾಗೇ ಇರಬೇಕೋ, ಅವುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಬರಬೇಕೋ ಎಂಬ ಚರ್ಚೆ ಸಾಮಾನ್ಯವಾಗಿ ಅವರವರ ರುಚಿಯ ಮಾತಾಗಿ ಮುಗಿದುಹೋಗುತ್ತದೆ. ಒಬ್ಬರಿಗೆ ಗಾಡಿಯ ಮೂಲರೂಪ ಉಳಿಯಬೇಕು, ಇನ್ನೊಬ್ಬರಿಗೆ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಶುರುವಾಗಬೇಕು. ಆದರೆ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ. ಕಂಪನಿಯ ಬಿಡಿಭಾಗದ ಬಾಗಿಲು ಮುಚ್ಚಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆಯೇ ಬೇರೆ: ಇವತ್ತು ಹಾಕಿದ ಭಾಗ ಹತ್ತು ವರ್ಷದ ಮೇಲೆ ಕೈಕೊಟ್ಟರೆ ಅದರ ಜಾಗಕ್ಕೆ ಬರುವ ಭಾಗ ಎಲ್ಲಿಂದ ಬರುತ್ತದೆ? ಇಗ್ನಿಷನ್ ಬದಲಾವಣೆಯ ಒಳಿತು ಕೆಡುಕನ್ನು ಈ ಪ್ರಶ್ನೆಯಿಂದಲೇ ಅಳೆಯಬೇಕು ಎಂಬುದು ಈ ಲೇಖನದ ವಾದ. ಅಳೆದ ಮೇಲೂ ಉತ್ತರ ಒಂದೇ ಕಡೆ ವಾಲುವುದಿಲ್ಲ, ಆದ್ದರಿಂದ ಮಾತನ್ನು ಇಬ್ಬರಿಗೆ ಹಂಚಿದ್ದೇನೆ. ಹಿರಿಯರು ಪಾಯಿಂಟ್ ಗ್ಯಾಪ್ ಹೊಂದಿಸುತ್ತಲೇ ಬೆಳೆದ ತಲೆಮಾರಿನವರು. ಕಿರಿಯರು ಎಲೆಕ್ಟ್ರಾನಿಕ್ಸ್ ಬಲ್ಲವರು, ಹಳೆಯ ಗಾಡಿ ದಿನವೂ ಓಡಬೇಕು ಎನ್ನುವವರು. ಅವರ ಮುಂದಿರುವುದು 1960ರ ದಶಕದ ಅಂಬಾಸಡರ್ ಮಾರ್ಕ್ 2, ಅದರಲ್ಲಿ 1489 ಸಿಸಿಯ ಬಿ-ಸೀರೀಸ್ ಎಂಜಿನ್, ಎಂಜಿನ್ನಿನ ಪಕ್ಕದಲ್ಲಿ ಲೂಕಾಸ್ 25ಡಿ4 ಮಾದರಿಯ ಡಿಸ್ಟ್ರಿಬ್ಯೂಟರ್.

ಕಿರಿಯರು: ಲೆಕ್ಕದಿಂದಲೇ ಶುರು ಮಾಡೋಣ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ಹೊಡೆಯುವಾಗ ಡಿಸ್ಟ್ರಿಬ್ಯೂಟರ್ 1500 ಸುತ್ತುತ್ತದೆ, ಒಂದು ಸುತ್ತಿಗೆ ನಾಲ್ಕು ಕಿಡಿ. ಅಂದರೆ ಸೆಕೆಂಡಿಗೆ 100 ಸಲ ಪಾಯಿಂಟ್ ತೆರೆದು ಮುಚ್ಚಬೇಕು. ಪ್ರತಿ ಸಲ ತೆರೆಯುವಾಗ ಸುಮಾರು 4 ಆಂಪಿಯರ್ ಕರೆಂಟನ್ನು ಕಡಿಯಬೇಕು. ಚಾರ್ಲ್ಸ್ ಕೆಟರಿಂಗ್ ಈ ವ್ಯವಸ್ಥೆಯನ್ನು ರೂಪಿಸಿ 1910ರ ಕ್ಯಾಡಿಲಾಕ್‌ನಲ್ಲಿ ಕೂರಿಸಿದಾಗ ಅದು ದೊಡ್ಡ ಸಾಧನೆಯೇ, ಅನುಮಾನವಿಲ್ಲ. ಆದರೆ ಎರಡು ಲೋಹದ ತುದಿಗಳು ಹೀಗೆ ಬಡಿದುಕೊಂಡರೆ ಸವೆಯಲೇಬೇಕು. ಒಂದು ಕಡೆ ಗುಳಿ ಬೀಳುತ್ತದೆ, ಇನ್ನೊಂದು ಕಡೆ ಗುಬಟು ಏಳುತ್ತದೆ. ಕ್ಯಾಮಿಗೆ ಒರೆಸಿಕೊಂಡು ಓಡುವ ಹಿಮ್ಮಡಿ ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಷ್ಟೂ ಟೈಮಿಂಗ್ ಹಿಂದೆ ಬೀಳುತ್ತದೆ. 0.35ರಿಂದ 0.40 ಮಿಲಿಮೀಟರ್ ಇರಬೇಕಾದ ಗ್ಯಾಪಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪಿಕಪ್ ಕುಂದುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಪಾಯಿಂಟ್ ತೆಗೆದು, ಅದೇ ಕ್ಯಾಮಿನ ಮೇಲೆ ಆಯಸ್ಕಾಂತದ ಉಂಗುರ ಕೂರಿಸಿ, ಪಕ್ಕದಲ್ಲಿ ಹಾಲ್ ಸೆನ್ಸರ್ ಇಟ್ಟರೆ ಒಂದಕ್ಕೊಂದು ತಾಗುವುದೇ ಇಲ್ಲ. ತಾಗದ್ದು ಸವೆಯುವುದಿಲ್ಲ. ಒಮ್ಮೆ ಹೊಂದಿಸಿದ ಟೈಮಿಂಗ್ ಅಲ್ಲೇ ನಿಲ್ಲುತ್ತದೆ.

ಹಿರಿಯರು: ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ನೀವು ಹೇಳಿದ್ದು ಭಾಗ ಚೆನ್ನಾಗಿರುವಾಗಿನ ಕಥೆ. ಕೆಡುವಾಗ ಹೇಗೆ ಕೆಡುತ್ತದೆ ಎಂಬುದನ್ನೂ ನೋಡಿ. ಪಾಯಿಂಟ್ ಕೆಡುವುದು ನಿಧಾನವಾಗಿ. ಮೊದಲು ಸ್ಟಾರ್ಟಿಂಗ್ ತಡವಾಗುತ್ತದೆ, ಆಮೇಲೆ ಏರಿನಲ್ಲಿ ಮಿಸ್ಸಿಂಗ್ ಬರುತ್ತದೆ, ಕಿವಿ ಇದ್ದವನಿಗೆ ಹದಿನೈದು ದಿನ ಮೊದಲೇ ಸುಳಿವು ಸಿಗುತ್ತದೆ. ಶಿರಾಡಿ ಘಾಟಿಯಲ್ಲಿ ನಿಂತೇಬಿಟ್ಟರೂ ಕ್ಯಾಪ್ ಬಿಚ್ಚಿ, ಸಣ್ಣ ಅರ ಆಡಿಸಿ, ದಪ್ಪ ಕಾಗದದ ತುಣುಕಿನಿಂದ ಗ್ಯಾಪ್ ಅಂದಾಜು ಮಾಡಿ ಸಕಲೇಶಪುರ ಮುಟ್ಟಬಹುದು. ಎಪಾಕ್ಸಿ ತುಂಬಿದ ನಿಮ್ಮ ಪೆಟ್ಟಿಗೆ ಹಾಗಲ್ಲ. ಒಂದು ಕ್ಷಣದ ಹಿಂದೆ ಸರಿಯಿತ್ತು, ಈಗ ಸತ್ತಿದೆ. ಬಿಚ್ಚಿ ನೋಡಲು ಒಳಗೆ ದಾರಿಯಿಲ್ಲ, ಅಂಗಡಿಯಲ್ಲಿ ಅದರ ಜೋಡಿ ಇಲ್ಲ. ಹತ್ತು ವರ್ಷ ತೊಂದರೆ ಕೊಡದ ಭಾಗ ಹನ್ನೊಂದನೆಯ ವರ್ಷ ಗಾಡಿಯನ್ನು ಒಂದು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಿದರೆ ಅದಕ್ಕೆ ನಂಬಿಕಸ್ಥ ಎಂಬ ಮಾತು ಒಪ್ಪುತ್ತದೆಯೇ?

ಕಿರಿಯರು: ಒಪ್ಪದು ಎಂದೇ ಇಟ್ಟುಕೊಳ್ಳಿ. ಆದರೆ ಅರ ಆಡಿಸಿ ಉಳಿಸಿಕೊಳ್ಳಬಹುದಾದ ಆ ಪಾಯಿಂಟ್ ಇವತ್ತು ಎಲ್ಲಿದೆ? ಲೂಕಾಸ್-ಟಿವಿಎಸ್ 1961ರಲ್ಲಿ ಹುಟ್ಟಿ ಚೆನ್ನೈನ ಪಾಡಿಯಲ್ಲಿ ಇಡೀ ದೇಶದ ಗಾಡಿಗಳಿಗೆ ಡಿಸ್ಟ್ರಿಬ್ಯೂಟರ್, ಡೈನಮೋ ಮಾಡುತ್ತಿದ್ದಾಗ, ಆಡುಗೋಡಿಯ ಮೈಕೋದಿಂದ ಸ್ಪಾರ್ಕ್ ಪ್ಲಗ್ ಬರುತ್ತಿದ್ದಾಗ, ಜೆ.ಸಿ. ರಸ್ತೆಯ ಯಾವ ಅಂಗಡಿಗೆ ಹೋದರೂ ಕಂಪನಿಯ ಪಾಯಿಂಟ್ ಸೆಟ್ ಸಿಗುತ್ತಿತ್ತು. ಆಗ ನಿಮ್ಮ ವಾದ ಗಟ್ಟಿಯಾಗಿತ್ತು. ಈಗ ಸಿಗುವುದರಲ್ಲಿ ಹೆಚ್ಚಿನದು ನಕಲು ಮಾಲು. ಹಿಮ್ಮಡಿಗೆ ಮೆದು ಪ್ಲಾಸ್ಟಿಕ್, ಅದು ಕೆಲವೇ ದಿನಗಳಲ್ಲಿ ಸವೆಯುತ್ತದೆ. ಸ್ಪ್ರಿಂಗಿಗೆ ಬಿಗಿಯಿಲ್ಲ, ವೇಗ ಏರಿದಾಗ ಪಾಯಿಂಟ್ ಪೂರ್ತಿ ಮುಚ್ಚುವುದಿಲ್ಲ. ಸುಮಾರು 0.2 ಮೈಕ್ರೋಫ್ಯಾರಡ್ಡಿನ ಚಿಕ್ಕ ಕಂಡೆನ್ಸರ್ ತಣ್ಣಗಿರುವಾಗ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಎಂಜಿನ್ ಕಾದ ಮೇಲೆ ಸೋರುತ್ತದೆ. ರೋಟರ್ ಇನ್ನೂ ಕಷ್ಟ. ಹಿತ್ತಾಳೆಯ ಪಟ್ಟಿಯನ್ನು ಹಿಡಿದ ರಿವೆಟ್ ಕೆಳಗಿನ ಲೋಹಕ್ಕೆ ತೀರ ಹತ್ತಿರವಾಗಿ, ನಡುವಿನ ಪ್ಲಾಸ್ಟಿಕ್ಕನ್ನು ತೂರಿಕೊಂಡು ಕಿಡಿ ನೇರ ಶಾಫ್ಟಿಗೆ ಇಳಿದುಬಿಡುತ್ತದೆ. ಬ್ರಿಟನ್ನಿನ ಎಂಜಿಬಿ, ಮಾರಿಸ್ ಮೈನರ್ ಮಾಲೀಕರೂ ಇದೇ ಪಾಡು ಪಟ್ಟರು. ಕಡೆಗೆ ಅಲ್ಲಿನ ಡಿಸ್ಟ್ರಿಬ್ಯೂಟರ್ ತಜ್ಞರು ರಿವೆಟ್ಟೇ ಇಲ್ಲದ ರೋಟರ್ ಅಚ್ಚು ಮಾಡಿಸಬೇಕಾಯಿತು. ಡಬ್ಬದ ಮೇಲಿನ ಹೆಸರನ್ನೂ ನೆಚ್ಚುವಂತಿಲ್ಲ. ಬ್ರಿಟನ್ನಿನ ಮೂಲ ಲೂಕಾಸ್ 1996ರಲ್ಲಿ ವ್ಯಾರಿಟಿ ಜೊತೆ ಸೇರಿತು, 1999ರಲ್ಲಿ ಟಿಆರ್‌ಡಬ್ಲ್ಯು ಕೈಗೆ ಹೋಯಿತು. ಅಲ್ಲಿನ ಡಬ್ಬದ ಮೇಲೆ ಹಳೆಯ ಹೆಸರಿದ್ದರೆ ಒಳಗಿನ ಮಾಲು ಹಳೆಯ ಕಾರ್ಖಾನೆಯದೇ ಎಂದು ಹೇಳಲಾಗದು. ದಾರಿಯಲ್ಲಿ ರಿಪೇರಿ ಮಾಡಬಹುದು ಎನ್ನುವುದು ಒಳ್ಳೆಯ ಪಾಯಿಂಟಿನ ಗುಣ. ಕೆಟ್ಟ ಪಾಯಿಂಟನ್ನು ದಾರಿಯುದ್ದಕ್ಕೂ ರಿಪೇರಿ ಮಾಡುತ್ತಲೇ ಇರಬೇಕಾಗುತ್ತದೆ.

ಈ ಮಾತಿಗೆ ತೂಕವಿದೆ. ಹಳೆಯದು ಸರಳ, ಆದ್ದರಿಂದ ಸದಾ ಸಿಗುತ್ತದೆ ಎಂಬ ನಂಬಿಕೆಯನ್ನು ಮಾರುಕಟ್ಟೆ ಸುಳ್ಳು ಮಾಡಿದೆ. ಸರಳ ಭಾಗವನ್ನೂ ಯಾರೋ ಒಬ್ಬರು ಸರಿಯಾದ ಲೋಹದಲ್ಲಿ, ಸರಿಯಾದ ಅಳತೆಗೆ ಮಾಡಬೇಕು. ಹಾಗೆ ಮಾಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಿರಿಯರು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಿರಿಯರ ಪಟ್ಟಿಯನ್ನು ಅವರು ಸುಮ್ಮನೆ ಒಪ್ಪಿಕೊಳ್ಳುವವರೂ ಅಲ್ಲ.

ಹಿರಿಯರು: ನೀವು ನಾಲ್ಕು ದೂರು ಹೇಳಿದಿರಿ: ಹಿಮ್ಮಡಿ, ಸ್ಪ್ರಿಂಗ್, ಕಂಡೆನ್ಸರ್, ರೋಟರ್. ಎಲೆಕ್ಟ್ರಾನಿಕ್ ಮಾಡಿಸಿದರೆ ಮೊದಲ ಮೂರು ಹೋಗುತ್ತವೆ, ನಾಲ್ಕನೆಯದು ಎಲ್ಲಿಗೂ ಹೋಗುವುದಿಲ್ಲ. ರೋಟರ್ ಹಾಗೇ ಇರುತ್ತದೆ. ಕ್ಯಾಪ್, ಅದರ ನಡುವಿನ ಕಾರ್ಬನ್, ಪ್ಲಗ್ ವೈರು, ಕಾಯಿಲ್ ಹಾಗೇ ಇರುತ್ತವೆ. ಒಳಗೆ ತೂಕ ಮತ್ತು ಸ್ಪ್ರಿಂಗಿನ ಅಡ್ವಾನ್ಸ್, ಹೊರಗೆ ವ್ಯಾಕ್ಯೂಮ್ ಡಯಾಫ್ರಾಮ್ ಹಾಗೇ ಇರುತ್ತವೆ. ಬೇಸ್‌ಪ್ಲೇಟನ್ನು ಅರ್ತ್ ಮಾಡುವ ಗೇಣುದ್ದ ಇಲ್ಲದ ಹೆಣೆದ ವೈರು ಕೂಡ ಅಲ್ಲೇ ಇರುತ್ತದೆ, ಅದು ಒಳಗೊಳಗೇ ತುಂಡಾದರೆ ನಿಮ್ಮ ಸೆನ್ಸರ್ರೂ ಸುಮ್ಮನಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಶಾಫ್ಟ್ ಕೂರುವ ಬುಷ್. ಐವತ್ತು ವರ್ಷ ಓಡಿದ ಡಿಸ್ಟ್ರಿಬ್ಯೂಟರಿನಲ್ಲಿ ಬುಷ್ ಸವೆದು ಶಾಫ್ಟ್ ಅಲುಗುತ್ತಿರುತ್ತದೆ, ಕ್ಯಾಮಿನ ನಾಲ್ಕು ಮೂಲೆಯಲ್ಲೂ ಗ್ಯಾಪ್ ಬೇರೆ ಬೇರೆ ಬರುತ್ತದೆ. ಗ್ಯಾಪ್ ನಿಲ್ಲುತ್ತಿಲ್ಲ ಎಂದು ಜನ ಪಾಯಿಂಟನ್ನು ಬಯ್ದು ಎಲೆಕ್ಟ್ರಾನಿಕ್ ಕಿಟ್ ತರಿಸುತ್ತಾರೆ. ಕಿಟ್ ಹಾಕಿದರೆ ಆ ಅಲುಗಾಟದ ಪರಿಣಾಮ ಕಡಿಮೆ ಕಾಣಬಹುದು, ಅಲುಗಾಟವಂತೂ ಹೋಗದು. ಜೊತೆಗೆ ಶಾಫ್ಟ್ ಇನ್ನಷ್ಟು ವಾಲಿದರೆ ಆಯಸ್ಕಾಂತದ ಉಂಗುರ ಸೆನ್ಸರಿಗೆ ತಾಗಿ ಎರಡೂ ಹಾಳು. ಮೊದಲು ಹುಡುಕಬೇಕಾದ ಬಿಡಿಭಾಗ ಬುಷ್. ಅದು ಎಣ್ಣೆ ಹೀರುವ ಸರಂಧ್ರ ಕಂಚಿನದು, ಒತ್ತಿ ಕೂರಿಸುವ ಮೊದಲು ಒಂದು ಇಡೀ ದಿನ ಎಂಜಿನ್ ಆಯಿಲಿನಲ್ಲಿ ಮುಳುಗಿಸಿಡಬೇಕು. ಒಳ್ಳೆಯ ಲೇತ್ ಕೆಲಸಗಾರ ಇದನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಕೊಡಬಲ್ಲ. ಇದಕ್ಕೆ ಯಾವ ವಿದೇಶದ ಆರ್ಡರೂ ಬೇಡ.

ಕಿರಿಯರು: ಬುಷ್ ಮೊದಲು, ಒಪ್ಪಿದೆ. ಅಡ್ವಾನ್ಸ್ ಸ್ಪ್ರಿಂಗ್, ಡಯಾಫ್ರಾಮ್ ಕೂಡ ಮೊದಲೇ ಆಗಬೇಕು. ಬಾಯಲ್ಲಿ ಪೈಪು ಹಿಡಿದು ಎಳೆದರೆ ಡಯಾಫ್ರಾಮ್ ತೂತಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ, ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಇವೆಲ್ಲ ಆದ ಮೇಲೆ ನನ್ನ ಪ್ರಶ್ನೆ ಉಳಿಯುತ್ತದೆ: ಸರಿಯಾದ ಡಿಸ್ಟ್ರಿಬ್ಯೂಟರಿನಲ್ಲಿ ನಕಲು ಪಾಯಿಂಟ್ ಏಕೆ ಇರಬೇಕು?

ಹಿರಿಯರು: ಇರಬೇಕೆಂದು ನಾನು ಹಟ ಹಿಡಿದಿಲ್ಲ. ನೀವು ಅದರ ಜಾಗಕ್ಕೆ ತರುವುದರ ಜಾತಕ ಕೇಳುತ್ತಿದ್ದೇನೆ. ಇತಿಹಾಸವೇ ಒಂದು ಎಚ್ಚರಿಕೆ ಕೊಟ್ಟಿದೆ. ಲೂಕಾಸ್ 1970ರ ದಶಕದಲ್ಲಿ ಓಪಸ್ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ತಂದಿತು. 1971ರ ಜಾಗ್ವಾರ್ ವಿ12 ಎಂಜಿನ್ನಿಗೆ ಬಂತು, 1970ರ ದಶಕದ ನಡುವಿನಿಂದ ಅಮೆರಿಕಕ್ಕೆ ಹೋದ ಎಂಜಿಬಿಗಳಿಗೂ ಬಂತು. ಅದು ಬೀದಿಯ ಕಿಟ್ ಅಲ್ಲ, ಕಾರ್ಖಾನೆಯೇ ಕೂರಿಸಿದ್ದು. ಬಿಸಿಗೆ ಅದರ ಆಂಪ್ಲಿಫೈಯರ್ ಕೈಕೊಡುತ್ತಿತ್ತು, ಹೊಸದು ಸಿಗುವುದು ಕಷ್ಟವಾಯಿತು, ಮಾಲೀಕರು ಅದನ್ನು ಕಿತ್ತು ಬೇರೆ ವ್ಯವಸ್ಥೆ ಹಾಕಿಕೊಂಡರು. ಈಗ ನೋಡಿ, 1960ರ ಎಂಜಿಎ ತನ್ನ ಪಾಯಿಂಟಿನಲ್ಲೇ ಇವತ್ತೂ ಓಡಬಲ್ಲದು, ಅದಕ್ಕಿಂತ ಹದಿನೈದು ವರ್ಷ ಚಿಕ್ಕದಾದ ಎಂಜಿಬಿ ತನ್ನದೇ ಮೂಲ ಇಗ್ನಿಷನ್ನಿನಲ್ಲಿ ಓಡುವುದು ಅಪರೂಪ. ಹೊಸದು ಮೊದಲು ಅನಾಥವಾಯಿತು, ಹಳೆಯದು ಉಳಿಯಿತು. ನಿಮ್ಮ ಕಿಟ್ಟಿನ ಗತಿ ಬೇರೆಯಾಗುತ್ತದೆ ಎಂದು ಯಾವ ಧೈರ್ಯದಲ್ಲಿ ಹೇಳುತ್ತೀರಿ?

ಕಿರಿಯರು: ಅದೇ ದಶಕದ ಇನ್ನೊಂದು ಉದಾಹರಣೆಯ ಧೈರ್ಯದಲ್ಲಿ. ಕ್ರೈಸ್ಲರ್ 1973ರ ಹೊತ್ತಿಗೆ ಅಮೆರಿಕದ ತನ್ನೆಲ್ಲ ಕಾರುಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತು. ಅದರ ಬೆನ್ನಿಗೇ ಜನರಲ್ ಮೋಟರ್ಸ್ ಎಚ್‌ಇಐ ತಂದಿತು. ಎಚ್‌ಇಐಯ ನಾಲ್ಕು ಪಿನ್ನಿನ ಮಾಡ್ಯೂಲ್ ಎಷ್ಟು ಕಾರುಗಳಿಗೆ ಹೋಯಿತೆಂದರೆ, ಆ ಕಾರುಗಳೆಲ್ಲ ಹಳೆಯದಾದ ಮೇಲೂ ಅದನ್ನು ಹತ್ತಾರು ತಯಾರಕರು ಮಾಡುತ್ತಲೇ ಇದ್ದಾರೆ. ಅಮೆರಿಕದ ಸಾಮಾನ್ಯ ಬಿಡಿಭಾಗದ ಅಂಗಡಿಯ ಕಪಾಟಿನಲ್ಲಿ ಅದು ಸಿಗುತ್ತದೆ. ಓಪಸ್ ಅನಾಥವಾದದ್ದು ಎಲೆಕ್ಟ್ರಾನಿಕ್ ಎಂಬ ಕಾರಣಕ್ಕಲ್ಲ. ಅದನ್ನು ಮಾಡುತ್ತಿದ್ದದ್ದು ಒಂದೇ ಕಂಪನಿ, ಹಾಕಿದ ಗಾಡಿಗಳ ಸಂಖ್ಯೆ ಚಿಕ್ಕದು, ಅದರ ಒಳಗನ್ನು ಬೇರೆಯವರು ನಕಲು ಮಾಡುವಷ್ಟು ಲಾಭ ಅದರಲ್ಲಿರಲಿಲ್ಲ. ಭಾಗದ ಆಯುಷ್ಯವನ್ನು ತೀರ್ಮಾನಿಸುವುದು ರಸ್ತೆಯ ಮೇಲಿರುವ ಅದರ ಸಂಖ್ಯೆ.

ಇಲ್ಲಿಂದ ಚರ್ಚೆ ನೆಲಕ್ಕಿಳಿಯುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಎಂಬ ಒಂದೇ ವಸ್ತು ಇಲ್ಲ, ಬೇರೆ ಬೇರೆ ಪೂರೈಕೆಯ ದಾರಿಗಳಿರುವ ಬೇರೆ ಬೇರೆ ವಸ್ತುಗಳಿವೆ ಎಂದು ಇಬ್ಬರೂ ಒಪ್ಪಿದಂತಾಯಿತು. ಮಾಲೀಕ ತೆಗೆದುಕೊಳ್ಳಬೇಕಾದ ನಿಜವಾದ ನಿರ್ಧಾರ ಈ ದಾರಿಗಳ ನಡುವಿನ ಆಯ್ಕೆ.

ಕಿರಿಯರು: ಮೊದಲನೆಯದು ಕ್ಯಾಪಿನೊಳಗೇ ಅಡಗುವ ಹಾಲ್ ಕಿಟ್, ಅಮೆರಿಕದ ಪರ್ಟ್ರಾನಿಕ್ಸ್ ಮಾಡುವ ಬಗೆಯದು. ಎರಡೇ ವೈರು, ಮೂಲ ಡಿಸ್ಟ್ರಿಬ್ಯೂಟರಿಗೆ ರಂಧ್ರ ಕೊರೆಯುವ ಕೆಲಸವಿಲ್ಲ. ಬ್ರಿಟನ್ನಿನ ಲ್ಯೂಮೆನಿಷನ್ ಅದೇ ಕೆಲಸವನ್ನು ಬೆಳಕಿನ ಕಿರಣ ಕಡಿದು ಮಾಡುತ್ತದೆ, ಅದಕ್ಕೆ ಹೊರಗೊಂದು ಪವರ್ ಪೆಟ್ಟಿಗೆ ಬೇಕು. ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಿಸುವುದು ಇನ್ನೊಂದು ದಾರಿ. ಡಚ್ಚರ 123 ಇಗ್ನಿಷನ್ ಹಾಗೆ ಮಾಡುತ್ತದೆ, ಅಡ್ವಾನ್ಸಿನ ತೂಕ, ಸ್ಪ್ರಿಂಗ್ ಕೂಡ ಹೋಗಿ ಅದರ ಕೆಲಸವನ್ನು ಚಿಪ್ ಮಾಡುತ್ತದೆ. ಅಂಬಾಸಡರ್ ಮಾಲೀಕನಿಗೆ ಒಂದು ಅದೃಷ್ಟವಿದೆ. ಅವನ ಬಿ-ಸೀರೀಸ್ ಎಂಜಿನ್ ಎಂಜಿಬಿಯ ಎಂಜಿನ್ನಿನ ಅದೇ ವಂಶದ್ದು. ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು, ಅದರಲ್ಲೂ ದೀರ್ಘಕಾಲ 25ಡಿ4 ಡಿಸ್ಟ್ರಿಬ್ಯೂಟರೇ ಇತ್ತು. ಆದ್ದರಿಂದ 25ಡಿ4ಕ್ಕೆ ಕಿಟ್ಟು, ಕ್ಯಾಪು, ರೋಟರು, ಡಯಾಫ್ರಾಮು ಬ್ರಿಟನ್ನಿನಲ್ಲಿ ಇನ್ನೂ ಬಹುಕಾಲ ಸಿಗುತ್ತವೆ.

ಹಿರಿಯರು: ಸಿಗುತ್ತವೆ, ಆದರೆ ಯಾವುದನ್ನು ಕೇಳಬೇಕೆಂದು ಗೊತ್ತಿದ್ದವನಿಗೆ. ಕಾರಿನ ಹೆಸರು ಹೇಳಿ ಆರ್ಡರ್ ಮಾಡಿದವನಿಗೆ ತಪ್ಪು ಮಾಲೇ ಬರುತ್ತದೆ. ಐವತ್ತು ವರ್ಷದಲ್ಲಿ ಎಷ್ಟು ಕೈ ದಾಟಿದ ಗಾಡಿಯೋ, ಶಿವಾಜಿನಗರದ ಗುಜರಿಯಿಂದ ಬಂದ ಬೇರೆ ಡಿಸ್ಟ್ರಿಬ್ಯೂಟರ್ ಅದರಲ್ಲಿ ಕೂತಿರಬಹುದು. 25ಡಿ4ರ ಕ್ಯಾಪ್, ರೋಟರ್ ಲೂಕಾಸಿನದೇ ಇನ್ನೊಂದು ಮಾದರಿಯಾದ 45ಡಿ4ಕ್ಕೆ ಆಗುವುದಿಲ್ಲ, ಕಿಟ್ಟೂ ಬೇರೆ. ಮೊದಲು ಡಿಸ್ಟ್ರಿಬ್ಯೂಟರಿನ ಮೈ ತೊಳೆದು ಅದರ ಮೇಲೆ ಒತ್ತಿದ ಸಂಖ್ಯೆ ಓದಬೇಕು, ಅಡ್ವಾನ್ಸ್ ಯಾವ ಹದದ್ದು ಎಂಬುದೂ ಆ ಸಂಖ್ಯೆಯಿಂದಲೇ ತಿಳಿಯುತ್ತದೆ. ಎರಡನೆಯದು, ಬ್ಯಾಟರಿಯ ಯಾವ ಕಡೆ ಬಾಡಿಗೆ ಅರ್ತ್ ಆಗಿದೆ ಎಂದು ನೋಡಬೇಕು. ಬ್ರಿಟಿಷ್ ವಿನ್ಯಾಸದ ಅನೇಕ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇತ್ತು, ಅದಕ್ಕೆ ಬೇರೆ ಕಿಟ್. ಉಲ್ಟಾ ಕೊಟ್ಟರೆ ಕೀಲಿ ತಿರುಗಿಸಿದ ಕ್ಷಣವೇ ದುಡ್ಡು ಸುಟ್ಟಂತೆ. ಮೂರನೆಯದು ಕಾಯಿಲ್. ಪ್ರೈಮರಿಗೆ ಮೀಟರ್ ಹಿಡಿದರೆ ಸುಮಾರು 3 ಓಮ್ ತೋರಿಸಬೇಕು. ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಕೆಲಸ ಮಾಡಬೇಕಾದ 1.5 ಓಮ್ ಕಾಯಿಲನ್ನು ನೇರವಾಗಿ ಕೊಟ್ಟರೆ ಸಾದಾ ಹಾಲ್ ಮಾಡ್ಯೂಲಿನ ಮೂಲಕ ಎರಡರಷ್ಟು ಕರೆಂಟ್ ಹರಿದು ಅದು ಬೆಂದುಹೋಗುತ್ತದೆ. ಪ್ಲಗ್ ವೈರು ಬರಿ ತಾಮ್ರದ ಎಳೆಯದಾಗಿದ್ದರೆ ಅದರ ವಿದ್ಯುತ್ ಗದ್ದಲ ಮಾಡ್ಯೂಲನ್ನು ಕಂಗೆಡಿಸುತ್ತದೆ, ರೆಸಿಸ್ಟೆನ್ಸ್ ಇರುವ ವೈರು ಬೇಕು. ಕಿಟ್ ಕೆಟ್ಟಿತು ಎಂದು ದೂರುವ ಮೊದಲು ಇಷ್ಟನ್ನೂ ನೋಡಿದವರು ಎಷ್ಟು ಜನ?

ಕಿರಿಯರು: ಕಡಿಮೆ, ಅದು ನಿಜ. ಹಾಗೆಯೇ ಎಂಜಿನ್ ನಿಂತಿರುವಾಗ ಕೀಲಿ ಆನ್ ಬಿಟ್ಟು ರೇಡಿಯೋ ಕೇಳುವವರಿಂದಲೂ ಹಳೆಯ ಬಗೆಯ ಹಾಲ್ ಮಾಡ್ಯೂಲುಗಳು ಸಾಯುತ್ತವೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಎಂಜಿನ್ ನಿಂತು ಕೀಲಿ ಆನ್ ಇದ್ದರೆ ನಿಮ್ಮ ಕಾಯಿಲೂ ಕೈ ಇಡಲಾಗದಷ್ಟು ಕಾಯುತ್ತದೆ, ಪಾಯಿಂಟೂ ಸುಡುತ್ತದೆ. ಆ ತಪ್ಪಿಗೆ ಎರಡೂ ಕಡೆ ದಂಡವಿದೆ.

ಹಿರಿಯರು: ದಂಡದ ಮೊತ್ತ ಒಂದೇ ಅಲ್ಲವಲ್ಲ. ಕಾಯಿಲ್ ಊರಿನಲ್ಲಿ ಸಿಗುತ್ತದೆ, ಮಾಡ್ಯೂಲ್ ಹಡಗು ಅಥವಾ ವಿಮಾನ ಏರಿ, ಕಸ್ಟಮ್ಸ್ ದಾಟಿ ಬರಬೇಕು. ಒಂದು ಮಧ್ಯದ ದಾರಿಯನ್ನು ನೀವು ಪಟ್ಟಿಯಲ್ಲಿ ಬಿಟ್ಟಿರಿ. ಪಾಯಿಂಟನ್ನು ಇದ್ದಲ್ಲೇ ಇಟ್ಟುಕೊಂಡು, ಕಾಯಿಲಿನ ಕರೆಂಟನ್ನು ಮಾತ್ರ ಹೊರಗಿನ ಟ್ರಾನ್ಸಿಸ್ಟರಿಗೆ ವಹಿಸುವುದು. ಆಗ ಪಾಯಿಂಟ್ ಬರೀ ಸ್ವಿಚ್ಚು. ತುದಿ ಶುಚಿಯಾಗಿ ಉಳಿಯಲು ಬೇಕಾದ ಸಣ್ಣ ಕರೆಂಟ್ ಅಷ್ಟೇ ಅದರ ಮೂಲಕ ಹೋಗುತ್ತದೆ. ಗುಳಿ ಬೀಳುವುದಿಲ್ಲ, ಕಂಡೆನ್ಸರಿನ ಕೆಲಸ ಉಳಿಯುವುದಿಲ್ಲ. ಪೆಟ್ಟಿಗೆಯ ಒಳಗಿರುವುದು ಸಾಮಾನ್ಯ ಪವರ್ ಟ್ರಾನ್ಸಿಸ್ಟರ್, ನಾಲ್ಕಾರು ರೆಸಿಸ್ಟರ್. ಎಸ್.ಪಿ. ರಸ್ತೆಯಲ್ಲಿ ಕೊಂಡು ಎಲೆಕ್ಟ್ರಾನಿಕ್ಸ್ ಬಲ್ಲ ಯಾರಾದರೂ ಬೆಸುಗೆ ಹಾಕಬಹುದು. ಕೈಕೊಟ್ಟರೆ ವೈರು ಬದಲಿಸಿ, ಕಂಡೆನ್ಸರ್ ಸಿಕ್ಕಿಸಿ, ಮತ್ತೆ ಹಳೆಯ ಪದ್ಧತಿಯಲ್ಲೇ ಮನೆಗೆ ಹೋಗಬಹುದು.

ಕಿರಿಯರು: ತುದಿಯ ಸವೆತ ನಿಂತಿತು, ಹಿಮ್ಮಡಿಯ ಸವೆತ ನಿಂತಿತೇ? ನಕಲು ಪಾಯಿಂಟಿನ ಮೊದಲ ರೋಗವೇ ಮೆದು ಹಿಮ್ಮಡಿ. ಗ್ಯಾಪ್ ಮತ್ತೆ ಕಿರಿದಾಗುತ್ತದೆ, ಟೈಮಿಂಗ್ ಮತ್ತೆ ಜಾರುತ್ತದೆ.

ಹಿರಿಯರು: ಕ್ಯಾಮಿಗೆ ತೆಳುವಾಗಿ ಗ್ರೀಸ್ ಸವರಿದರೆ ಬಹಳಷ್ಟು ತಡೆಯಬಹುದು. ಪೂರ್ತಿ ನಿಲ್ಲುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಆಕ್ಷೇಪ ನಿಲ್ಲುತ್ತದೆ.

ಕಿರಿಯರು: ನನ್ನ ಕಡೆಯ ಕುಂದನ್ನೂ ಹೇಳಿಬಿಡುತ್ತೇನೆ. ಎಚ್‌ಇಐ ಮಾಡ್ಯೂಲ್ ಎಲ್ಲೆಡೆ ಸಿಗುತ್ತದೆ ಎಂದೆ, ಆದರೆ ಅದನ್ನು ಅಂಬಾಸಡರಿಗೆ ಹಾಗೇ ತಂದು ಸಿಕ್ಕಿಸಲಾಗದು. ಅದಕ್ಕೆ ಸಂಕೇತ ಕೊಡಲು ಹಲ್ಲಿನ ಚಕ್ರ ಮತ್ತು ಪಿಕಪ್ ಸುರುಳಿ ಇರುವ ಡಿಸ್ಟ್ರಿಬ್ಯೂಟರ್ ಬೇಕು. ಮಾಡ್ಯೂಲಿನ ಬೆನ್ನಿಗೆ ಶಾಖ ಸಾಗಿಸುವ ಪೇಸ್ಟ್ ಬಳಿದು ದಪ್ಪ ಅಲ್ಯೂಮಿನಿಯಂ ಮೇಲೆ ಕೂರಿಸದಿದ್ದರೆ ನಮ್ಮ ಮೇ ತಿಂಗಳಿನ ಬಿಸಿಲಿಗೆ ಅದು ಉಳಿಯುವುದಿಲ್ಲ. ಅಂದರೆ ಮಾಡ್ಯೂಲ್ ಸುಲಭ, ಕೂರಿಸುವ ಕೈಕೆಲಸ ಕಷ್ಟ. ಹಾಲ್ ಕಿಟ್ ಇದಕ್ಕೆ ತದ್ವಿರುದ್ಧ, ಕೂರಿಸುವುದು ಅರ್ಧ ಗಂಟೆಯ ಕೆಲಸ, ಮುಂದಿನದು ಬೇಕೆಂದರೆ ಅದೇ ತಯಾರಕನ ಬಾಗಿಲಿಗೇ ಹೋಗಬೇಕು. ಇಡೀ ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಸವೆದ ಬುಷ್, ಸಡಿಲ ಸ್ಪ್ರಿಂಗ್ ಎಲ್ಲ ಒಂದೇ ಏಟಿಗೆ ಹೋಗುತ್ತವೆ, ಆದರೆ ಅಡ್ವಾನ್ಸ್ ಕೂಡ ಚಿಪ್ಪಿನ ಕೈಗೆ ಹೋಗುತ್ತದೆ. ಕೆಟ್ಟರೆ ಊರಿನಲ್ಲಿ ಮುಟ್ಟುವವರಿಲ್ಲ.

ಪ್ರೀಮಿಯರ್ ಪದ್ಮಿನಿ ಕಾರಿನ ಮಾಲೀಕರಿಗೆ ಈ ಲೆಕ್ಕ ಇನ್ನೂ ಬಿಗಿ. ಅದರ 1089 ಸಿಸಿ ಎಂಜಿನ್ನಿನ ಮೂಲ ಇಟಲಿಯ ಫಿಯಾಟ್ 1100. ಎಂಜಿಬಿಯ ಬೆನ್ನಿಗಿರುವ ಬ್ರಿಟಿಷ್ ಬಿಡಿಭಾಗದ ಸಂತೆ ಅದಕ್ಕೆ ಒದಗುವುದಿಲ್ಲ. ಅವರು ಡಿಸ್ಟ್ರಿಬ್ಯೂಟರಿನ ಮೈಮೇಲಿನ ತಯಾರಕನ ಹೆಸರು, ಸಂಖ್ಯೆ ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು.

ಹಿರಿಯರು: ಬಿಡಿಭಾಗದ ಆಚೆಗೆ ಇನ್ನೊಂದು ಮಾತಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿದ ಗಾಡಿ, ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಕ್ಯಾಪಿನೊಳಗಿನ ಸೆನ್ಸರನ್ನು ಗಣನೀಯ ಮಾರ್ಪಾಡು ಎಂದು ನಾನು ಕರೆಯಲಾರೆ. ಆದರೆ ಎಂಜಿನ್ನಿನ ಪಕ್ಕದಲ್ಲಿ ಹೊಳೆಯುವ ಹೊಸ ಡಿಸ್ಟ್ರಿಬ್ಯೂಟರ್, ಫೈರ್‌ವಾಲಿನ ಮೇಲೆ ಪೆಟ್ಟಿಗೆ, ಅದಕ್ಕಾಗಿ ಕೊರೆದ ರಂಧ್ರ, ಹೀಗೆ ಒಂದೊಂದೇ ಸೇರಿದರೆ ಗಾಡಿ ತನ್ನ ಕಾಲದ ಸಾಕ್ಷಿಯಾಗಿ ಉಳಿಯುವುದಿಲ್ಲ.

ಕಿರಿಯರು: ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಅಂಗೀಕರಿಸಿದ ಟುರಿನ್ ಸನ್ನದು ಇದಕ್ಕೊಂದು ದಾರಿ ಹೇಳಿದೆ. ಬಳಕೆಗಾಗಿ ಬದಲಾವಣೆ ಅನಿವಾರ್ಯವಾದರೆ ಅದು ಹಿಂದಕ್ಕೆ ತರುವಂತಿರಬೇಕು, ತೆಗೆದ ಮೂಲ ಭಾಗವನ್ನು ಗಾಡಿಯ ಜೊತೆಗೇ ಇಡಬೇಕು, ಮಾಡಿದ ಕೆಲಸವನ್ನು ದಾಖಲಿಸಬೇಕು. ಹಾಲ್ ಕಿಟ್ ಇದಕ್ಕೆ ಅಚ್ಚುಕಟ್ಟಾಗಿ ಒಪ್ಪುತ್ತದೆ. ಶ್ರೀರಂಗಪಟ್ಟಣದ ಬಳಿಯ ಪಯಣ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ ಕಾರಿಗೆ ಮೂಲ ಪಾಯಿಂಟೇ ಇರಲಿ, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ಮಾತು ರಸ್ತೆಯಲ್ಲಿ ಓಡುವ ಗಾಡಿಯದು. ಓಡದೆ ನಿಂತ ಅಂಬಾಸಡರ್ ಎರಡೇ ವರ್ಷದಲ್ಲಿ ಮಾರಾಟಕ್ಕೆ ಬರುತ್ತದೆ, ಮೂರನೆಯ ವರ್ಷ ಗುಜರಿಗೆ. ಮೂಲರೂಪ ಕಾಯುವ ಭರದಲ್ಲಿ ಗಾಡಿಯನ್ನೇ ಕಳೆದುಕೊಳ್ಳುವ ಅಪಾಯವನ್ನು ನೀವು ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಹಿರಿಯರು: ಹಿಡಿಯುತ್ತೇನೆ. ನೀವೂ ಒಂದನ್ನು ಲೆಕ್ಕಕ್ಕೆ ಹಿಡಿಯಿರಿ. ಓಡುವ ಗಾಡಿಗಳೆಲ್ಲ ಎಲೆಕ್ಟ್ರಾನಿಕ್ ಆದರೆ ಒಳ್ಳೆಯ ಪಾಯಿಂಟಿಗೆ ಗಿರಾಕಿ ಎಲ್ಲಿ? ಪಾಯಿಂಟ್ ಮಾಡಲು ಅಚ್ಚು ಬೇಕು, ಟಂಗ್‌ಸ್ಟನ್ ತುದಿ ಬೇಕು, ಒಂದು ಸಲಕ್ಕೆ ಇಷ್ಟು ಸಾವಿರ ಮಾರಿದರೆ ಮಾತ್ರ ಅಸಲು ಹುಟ್ಟುತ್ತದೆ. ಗಿರಾಕಿ ಅರ್ಧಕ್ಕಿಳಿದಾಗ ಮೊದಲು ಅಂಗಡಿ ಮುಚ್ಚುವವನು ಒಳ್ಳೆಯ ಮಾಲು ಮಾಡುವವನು. ಅಗ್ಗದ ನಕಲು ಮಾಡುವವನಿಗೆ ಹೂಡಿದ್ದೇ ಕಡಿಮೆ, ಅವನು ಉಳಿಯುತ್ತಾನೆ. ಆಮೇಲೆ ಪಾಯಿಂಟ್ ಇಟ್ಟುಕೊಳ್ಳಲೇಬೇಕಾದವರಿಗೆ, ವಸ್ತುಸಂಗ್ರಹಾಲಯಕ್ಕೂ ಸೇರಿಸಿ, ಕೆಟ್ಟ ಮಾಲೇ ಗತಿ. ನೀವು ಕೆಟ್ಟ ಪಾಯಿಂಟಿನಿಂದ ತಪ್ಪಿಸಿಕೊಳ್ಳಲು ಮಾಡುವ ಕೆಲಸವೇ ಪಾಯಿಂಟನ್ನು ಇನ್ನಷ್ಟು ಕೆಡಿಸುತ್ತದೆ.

ಕಿರಿಯರು: ಅದನ್ನು ತಿರುಗಿಸಿಯೂ ನೋಡಬಹುದು. ಉಳಿದಿರುವ ಹಳೆಯ ಕಂಪನಿ ಮಾಲು ಇಷ್ಟೇ ಎಂದು ಗೊತ್ತಿದೆ. ದಿನವೂ ಓಡುವ ಗಾಡಿಗಳು ಅದನ್ನು ತಿಂದು ಮುಗಿಸುವ ಬದಲು ಎಲೆಕ್ಟ್ರಾನಿಕ್‌ಗೆ ಹೋದರೆ, ಆ ಡಬ್ಬಗಳು ವರ್ಷಕ್ಕೆ ನಾಲ್ಕು ಸಲ ಓಡುವ ಗಾಡಿಗಳಿಗೆ ಉಳಿಯುತ್ತವೆ. ಇನ್ನು ತಯಾರಕರ ಮಾತು. ರಿವೆಟ್ಟಿಲ್ಲದ ರೋಟರ್ ಬಂದದ್ದು ದೊಡ್ಡ ಕಾರ್ಖಾನೆಯ ಲಾಭದ ಲೆಕ್ಕದಿಂದಲ್ಲ. ಇಂಥದ್ದೇ ಬೇಕು, ಹೆಚ್ಚು ದುಡ್ಡು ಕೊಡುತ್ತೇವೆ ಎನ್ನುವ ಮಾಲೀಕರು ಒಂದೆಡೆ ಸಿಕ್ಕಿದ್ದರಿಂದ ಬಂತು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಅಂಬಾಸಡರ್ ಮಾಲೀಕರು ಒಟ್ಟಾಗಿ, ಹಿಮ್ಮಡಿ ಇಂಥ ಗಟ್ಟಿ ವಸ್ತುವಿನದೇ ಇರಬೇಕು, ಸ್ಪ್ರಿಂಗಿನ ಬಿಗಿ ಇಷ್ಟಿರಬೇಕು ಎಂದು ಬರೆದುಕೊಟ್ಟು ಒಂದೇ ಆರ್ಡರ್ ಕೊಡಲಿ. ಪಾಯಿಂಟೂ ಬರಲಿ, ಹಾಲ್ ಕಿಟ್ಟೂ ಬರಲಿ.

ಹಿರಿಯರು: ಒಟ್ಟಾಗಿ ಆರ್ಡರ್ ಕೊಡುವುದಕ್ಕೆ ನನ್ನ ಸಹಿ ಇದೆ. ಆದರೆ ಹಳೆಯ ಮಾಲು ಹೀಗೆ ಉಳಿಯುತ್ತದೆ ಎಂಬುದನ್ನು ಒಪ್ಪಲಾರೆ. ಉಳಿದದ್ದು ಕಪಾಟಿನಲ್ಲಿ ಕೂರುವುದಿಲ್ಲ. ಬೆಲೆ ಏರುತ್ತದೆಂದು ಸಂಗ್ರಹಿಸುವವರ ಕೈಗೆ ಹೋಗುತ್ತದೆ. ಕಂಡೆನ್ಸರ್ ಆದರೆ ಕಪಾಟಿನಲ್ಲಿ ಕೂತೇ ಹಳೆಯದಾಗುತ್ತದೆ, ನಲವತ್ತು ವರ್ಷದ ಡಬ್ಬದ ಕಂಡೆನ್ಸರನ್ನು ಕಂಪನಿ ಮಾಲೆಂದು ನಂಬಿ ಹಾಕುವುದೂ ತಪ್ಪೇ.

ಕಿರಿಯರು: ಹಾಗಾದರೆ ಗಾಡಿಯ ಡಿಕ್ಕಿಯಲ್ಲಿ ಏನಿರಬೇಕೆಂದಾದರೂ ಹೇಳಿ. ನಾನು ಎರಡು ಹಾಲ್ ಕಿಟ್ ಕೊಳ್ಳುತ್ತೇನೆ. ಎರಡನ್ನೂ ಒಂದೊಂದು ವಾರ ಓಡಿಸಿ ಪರೀಕ್ಷಿಸಿ, ಒಂದನ್ನು ಒಳಗೆ ಹಾಕಿ ಇನ್ನೊಂದನ್ನು ಡಬ್ಬದಲ್ಲಿಡುತ್ತೇನೆ. ಓಡಿಸಿ ನೋಡದ ಸ್ಪೇರನ್ನು ನಂಬಿ ಘಾಟಿ ಹತ್ತುವುದಿಲ್ಲ.

ಹಿರಿಯರು: ಎರಡೂ ಒಂದೇ ಕಾರ್ಖಾನೆಯ, ಒಂದೇ ತಂಡದ ಮಾಲು. ಕಾಯಿಲಿನ ದೋಷದಿಂದಲೋ ಆಲ್ಟರ್ನೇಟರಿನ ಹೆಚ್ಚು ವೋಲ್ಟೇಜಿನಿಂದಲೋ ಮೊದಲನೆಯದು ಸತ್ತರೆ ಎರಡನೆಯದೂ ಅದೇ ಸಂಜೆ ಸಾಯುತ್ತದೆ. ನನ್ನ ಡಬ್ಬದಲ್ಲಿ ಒಳ್ಳೆಯ ಪಾಯಿಂಟ್ ಮತ್ತು ಕಂಡೆನ್ಸರ್ ಕೂರಿಸಿ ಗ್ಯಾಪ್ ಹೊಂದಿಸಿದ ಪೂರ್ತಿ ಬೇಸ್‌ಪ್ಲೇಟ್ ಇರುತ್ತದೆ. ಎರಡು ಸ್ಕ್ರೂ, ಒಂದು ವೈರು. ನಿಮ್ಮ ಕಿಟ್ ಸುಟ್ಟ ಕಾರಣ ಅದನ್ನು ಸುಡಲಾರದು.

ಕಿರಿಯರು: ಟೈಮಿಂಗ್ ಅಷ್ಟೇ ನಿಲ್ಲುತ್ತದೆಯೇ? ಪಾಯಿಂಟ್ ತೆರೆಯುವ ಜಾಗ, ಸೆನ್ಸರ್ ಕಡಿಯುವ ಜಾಗ ಒಂದೇ ಆಗಿರುವುದಿಲ್ಲ. ರಾತ್ರಿ, ಮಳೆಯಲ್ಲಿ, ಬಾನೆಟ್ ಕೆಳಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಹೊಂದಿಸಲು ಬರುವವರು ಈಗ ಎಷ್ಟು ಜನ ಇದ್ದಾರೆ?

ಹಿರಿಯರು: ಮೊದಲೇ ಎರಡನ್ನೂ ಹಾಕಿ ನೋಡಿ, ಡಿಸ್ಟ್ರಿಬ್ಯೂಟರಿನ ಮೈಮೇಲೆ ಎರಡಕ್ಕೂ ಬೇರೆ ಬೇರೆ ಗುರುತು ಗೀರಿಟ್ಟರೆ ಆಗುತ್ತದೆ. ಕಲಿಯಲು ಒಂದು ಮಧ್ಯಾಹ್ನ ಸಾಕು.

ಕಿರಿಯರು: ಕಲಿಸುವವರಿದ್ದರೆ.

ಹಿರಿಯರು: ಭಾನುವಾರ ಗಾಡಿ ತನ್ನಿ. ಮೀಟರು, ಫೀಲರ್ ಗೇಜು, ಟೈಮಿಂಗ್ ಲೈಟೂ ಇರಲಿ. ಡಿಸ್ಟ್ರಿಬ್ಯೂಟರ್ ಬಿಚ್ಚಿ ಸಂಖ್ಯೆ ಓದಿ, ಶಾಫ್ಟ್ ಎಷ್ಟು ಅಲುಗುತ್ತದೆಂದು ನೋಡಿ ಆಮೇಲೆ ಆರ್ಡರಿನ ಪಟ್ಟಿ ಬರೆಯೋಣ. ಪಾಯಿಂಟ್ ಸೆಟ್ಟಿನ ಸಾಲನ್ನು ಮಾತ್ರ ನೀವು ಹೊಡೆದುಹಾಕಬಾರದು.

ಕಿರಿಯರು: ಹಾಲ್ ಕಿಟ್ಟಿನ ಸಾಲನ್ನು ನೀವೂ.